ಹಳೆಯ ಪರದೆಯೇ ಚೊಲೋ: ‘ಸ್ಟಾರ್ ಟ್ರೆಕ್’ ಮೂಲ ಸರಣಿಯ ಬ್ಲೂ-ರೇ ಪೆಟ್ಟಿಗೆಗಳು

ಡಿಸ್ಕ್ ಹಾಕುವ ಮೊದಲು ರಿಮೋಟ್ ಕೈಗೆ ತಗೊಂಡು ‘ಆ್ಯಂಗಲ್’ ಬಟನ್ ಎಲ್ಲಿದೆ ನೋಡಿಟ್ಟುಕೊಳ್ಳಿ. ಈ ಪೆಟ್ಟಿಗೆಗಳಿಗೆ ಕೊಟ್ಟ ರೊಕ್ಕ ವಸೂಲಾಗುವುದು ಆ ಒಂದು ಬಟನ್ನಿನಿಂದ. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಬಂದ ಈ ಬಾಹ್ಯಾಕಾಶ ಯಾನದ ಟೀವಿ ಸರಣಿಯ 79 ಸಂಚಿಕೆಗಳನ್ನು 2006ರಿಂದ ತಿಕ್ಕಿ ತೊಳೆದು, ನೌಕೆ, ಗ್ರಹ, ಸ್ಫೋಟದ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿದರು. 2009ರಲ್ಲಿ ಬಂದ ಬ್ಲೂ-ರೇಗಳಲ್ಲಿ ಹಳೆಯ ದೃಶ್ಯವೂ ಇದೆ, ಹೊಸದೂ ಇದೆ. ಮೆನುವಿನಲ್ಲಿ ಬೇಕಾದ್ದು ಆರಿಸಬಹುದು, ನಡುವೆ ಬಟನ್ ಒತ್ತಿ ಬದಲಿಸಲೂಬಹುದು. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಹೊಸದೊಂದೇ. ಅದಕ್ಕೇ ಇಷ್ಟು ವರ್ಷವಾದರೂ ಡಿಸ್ಕಿನ ಮಾತು.

ನಮ್ಮ ಮತ ಮೊದಲೇ ಹೇಳಿಬಿಡುತ್ತೇವೆ. ಹಳೆಯದನ್ನೇ ಹಾಕಿ. ಒಂದೆರಡು ಸಂಚಿಕೆಗಳನ್ನು ಬಿಟ್ಟು.

ಯಾಕೆ ಅನ್ನುವುದನ್ನು ಈ ಕಡೆಯವರಿಗೆ ಬಹಳ ಬಿಡಿಸಿ ಹೇಳಬೇಕಾಗಿಲ್ಲ. ಗದುಗಿನ ಗರುಡ ಸದಾಶಿವರಾಯರು, ಏಣಗಿ ಬಾಳಪ್ಪನವರು ಕಂಪನಿ ಕಟ್ಟಿ ನಾಟಕ ಆಡಿಸಿದ ಸೀಮೆ ಇದು. ಹಿಂದೆ ತೂಗುವುದು ಬಣ್ಣ ಬಳಿದ ಬಟ್ಟೆ ಅಂತ ಗೊತ್ತಿದ್ದೂ ಅದನ್ನು ಅರಮನೆ ಅಂತ ಒಪ್ಪಿಕೊಂಡು ಕೂಡುವ ರೂಢಿ ನಮಗುಂಟು. ‘ಸ್ಟಾರ್ ಟ್ರೆಕ್’ ಅದೇ ಜಾತಿಯದು. ಗೋಡೆಗಳಿಗೆ ಬೂದು ಬಣ್ಣ. ಛಾಯಾಗ್ರಾಹಕ ಜೆರ್ರಿ ಫಿನರ್ಮನ್ ಅದರ ಮೇಲೆ ನೇರಳೆ, ಹಸಿರು, ಕಿತ್ತಳೆ ಬೆಳಕು ಚೆಲ್ಲಿ ಒಂದೇ ಕೋಣೆಯನ್ನು ಹತ್ತು ಕೋಣೆ ಮಾಡುತ್ತಾನೆ. ಗ್ರಹಗಳ ಕತೆಯೂ ಹೀಗೇ. ಅದೇ ಸ್ಟುಡಿಯೋ ನೆಲ, ಅದೇ ಉಸುಕು, ಅವೇ ಹುಸಿ ಬಂಡೆಗಳು. ಹಿಂದಿನ ಪರದೆಗೆ ಈ ವಾರ ಕೆಂಪು ಬೆಳಕು, ಮುಂದಿನ ವಾರ ಹಸಿರು. ಗ್ರಹ ಬದಲಾಯಿತು! ನಟರೂ ಕೊನೆಯ ಸಾಲಿನವರಿಗೆ ಕೇಳಿಸುವಂತೆ ಮಾತಾಡುತ್ತಾರೆ. ಇಂಥದರ ನಡುವೆ ಮೂರು ಸೆಕೆಂಡ್ ನುಣುಪಾದ ಕಂಪ್ಯೂಟರ್ ನೌಕೆ ಬಂದು ಹೋದರೆ, ಕಂಪನಿ ನಾಟಕದ ರಂಗದ ಮೇಲೆ ಎಲ್‌ಇಡಿ ಗೋಡೆ ನಿಲ್ಲಿಸಿದಂತೆ ಕಾಣುತ್ತದೆ. ಹೊಸದು ಕೆಟ್ಟದ್ದಂತಲ್ಲ, ಜೋಡಿ ಕೂಡುವುದಿಲ್ಲ.

ಹಳೆಯ ದೃಶ್ಯಗಳಿಗೆ ತಮ್ಮ ತಾಪತ್ರಯ ಇಲ್ಲ ಅಂತಲ್ಲ. ಚಿತ್ರೀಕರಣಕ್ಕೆ ಬಳಸಿದ, ಕತೆಯ ನಾಯಕರ ‘ಎಂಟರ್‌ಪ್ರೈಸ್’ ನೌಕೆಯ ದೊಡ್ಡ ಮಾದರಿ ಸುಮಾರು 11 ಅಡಿ ಉದ್ದ. ಈಗ ಅದು ಅಮೆರಿಕದ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ಒಳಗಿನ ದೀಪಗಳ ವೈರ್‌ಗಳನ್ನೆಲ್ಲ ಎಡಮಗ್ಗುಲಿನಿಂದ ಹೊರಗೆಳೆದಿದ್ದರು, ಹಾಗಾಗಿ ಕ್ಯಾಮೆರಾ ಯಾವಾಗಲೂ ಬಲಮಗ್ಗುಲಿಗೇ. ಒಮ್ಮೆ ಇದು ತಲೆಗೆ ಹೊಕ್ಕಿತೆಂದರೆ ನೌಕೆ ಸದಾ ಒಂದೇ ಮುಖ ತೋರಿಸುವುದು ಕಣ್ಣಿಗೆ ಹೊಡೆಯುತ್ತದೆ. ಒಮ್ಮೆ ತೆಗೆದ ಫಿಲ್ಮನ್ನೇ ಮತ್ತೆ ಮತ್ತೆ ಬಳಸಿದ್ದೂ ಕಾಣುತ್ತದೆ. ಮಾದರಿಯ ಫಿಲ್ಮ್, ನಕ್ಷತ್ರದ ಫಿಲ್ಮ್, ಗ್ರಹದ ಫಿಲ್ಮ್ ಎಲ್ಲವನ್ನೂ ಒಂದರ ಮೇಲೊಂದಿಟ್ಟು ಮರುಮುದ್ರಿಸಿದ್ದರಿಂದ ಪ್ರತಿ ಸಲ ಫಿಲ್ಮಿನ ಕಾಳು (ಗ್ರೇನ್) ದಪ್ಪವಾಗಿ ಧೂಳೂ ಕೂಡಿದೆ. ನಟರ ಮುಖ ನಿಚ್ಚಳ, ಮುಂದಿನ ಶಾಟ್‌ನಲ್ಲಿ ನೌಕೆ ಮಾತ್ರ ಮಸುಕು. ಅದು ನಿಮ್ಮ ಟೀವಿಯ ದೋಷವಲ್ಲ, ಡಿಸ್ಕಿನದೂ ಅಲ್ಲ. ಸೆಟ್ಟಿಂಗ್ ತಿರುವುತ್ತಾ ಕೂಡಬೇಡಿ.

ಹೊಸ ದೃಶ್ಯಗಳ ತೊಂದರೆ ಬೇರೆ. ಸಂಗೀತ, ಎಡಿಟಿಂಗ್ ಎಲ್ಲ 1960ರ ದಶಕದ್ದು, ಹಾಗಾಗಿ ಹಳೆಯ ಶಾಟ್ ನಾಲ್ಕು ಸೆಕೆಂಡ್ ಇದ್ದರೆ ಹೊಸದೂ ಅಷ್ಟರೊಳಗೇ ಮುಗಿಯಬೇಕು. ಆ ನಾಲ್ಕು ಸೆಕೆಂಡಿನಲ್ಲಿ ಕ್ಯಾಮೆರಾ ಸುತ್ತಿಸಿ, ನೌಕೆ ಹೊರಳಿಸಿ, ಗ್ರಹಕ್ಕೆ ಮೋಡ ಹಾಕಿ ತೋರಿಸುವ ಅವಸರ ಕಾಣುತ್ತದೆ. ಮೊದಮೊದಲು ಮಾಡಿದವುಗಳಲ್ಲಿ ನೌಕೆ ಪ್ಲಾಸ್ಟಿಕ್ ಆಟಿಗೆಯಂತಿದೆ. ‘ಅರೀನಾ’ ಸಂಚಿಕೆಯಲ್ಲಿ ಹಲ್ಲಿಮೋರೆಯ ಗಾರ್ನ್‌ಗೆ ಕಂಪ್ಯೂಟರಿನಲ್ಲಿ ಕಣ್ಣು ಪಿಳುಕಿಸಿದ್ದಾರೆ. ಯಾರು ಕೇಳಿದ್ದರು? ರಬ್ಬರ್ ಮುಖವಾಡದ ಮಿಟುಕದ ಕಣ್ಣಿಗೇ ಅಲ್ಲಿ ಭಯವಿತ್ತು.

ಹೊಸದು ಗೆದ್ದ ಜಾಗ ‘ದಿ ಡೂಮ್ಸ್‌ಡೇ ಮಷೀನ್’. ಎರಡನೆಯ ಪೆಟ್ಟಿಗೆಯ ಈ ಸಂಚಿಕೆ 20 ಅಕ್ಟೋಬರ್ 1967ರಂದು ಮೊದಲು ಪ್ರಸಾರವಾಯಿತು. ಗ್ರಹಗಳನ್ನೇ ಅಗಿದು ನುಂಗುವ ಯಂತ್ರ. ಮೂಲದಲ್ಲಿ ಅದರ ಆಕಾರ, ಗಾತ್ರ ಶಾಟ್‌ನಿಂದ ಶಾಟ್‌ಗೆ ಹೊಂದುವುದಿಲ್ಲ. ಅದು ಹಾಳುಗೆಡವಿದ ‘ಕಾನ್‌ಸ್ಟೆಲೇಷನ್’ ನೌಕೆ ಅಂಗಡಿಯಲ್ಲಿ ಸಿಗುತ್ತಿದ್ದ ಎಎಂಟಿ ಕಂಪನಿಯ ಪ್ಲಾಸ್ಟಿಕ್ ಕಿಟ್. ಕಿಟ್ಟಿನಲ್ಲಿದ್ದ ‘ಎಂಟರ್‌ಪ್ರೈಸ್’ನ ನಂಬರ್ 1701ರ ಅಂಕೆಗಳನ್ನೇ ಹಿಂದುಮುಂದು ಮಾಡಿ ಅಂಟಿಸಿ 1017 ಮಾಡಿದರು. ನೌಕೆಯ ನಂಬರಿನ ಗುಟ್ಟು ಇಷ್ಟೇ. ಈ ಕತೆಯಲ್ಲಿ ಯಂತ್ರ ಎಷ್ಟು ದೊಡ್ಡದು, ಎಷ್ಟು ಹತ್ತಿರ ಬಂತು ಅನ್ನುವುದು ಗೊತ್ತಾದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ಹೊಸ ದೃಶ್ಯಗಳು ಅದನ್ನು ಕೊಡುತ್ತವೆ. ಹಾಗಿದ್ದೂ ಸಂಚಿಕೆಯನ್ನು ಹೊತ್ತು ನಡೆಯುವವರು ಇಬ್ಬರೇ: ಸಂಗೀತ ಕೊಟ್ಟ ಸೋಲ್ ಕ್ಯಾಪ್ಲನ್, ‘ಕಾನ್‌ಸ್ಟೆಲೇಷನ್’ನ ನಾಯಕ ಕಮೊಡೋರ್ ಡೆಕರ್ ಆಗಿ ನಟಿಸಿದ ವಿಲಿಯಂ ವಿಂಡಂ. ತನ್ನ ಸಿಬ್ಬಂದಿಯನ್ನೆಲ್ಲ ಜೀವ ಉಳಿಯಲಿ ಅಂತ ಮೂರನೆಯ ಗ್ರಹಕ್ಕೆ ಇಳಿಸಿದವನು ಡೆಕರ್. ಮೂರನೆಯ ಗ್ರಹವೇ ಇಲ್ಲವಲ್ಲ ಅಂತ ‘ಎಂಟರ್‌ಪ್ರೈಸ್’ನ ಕ್ಯಾಪ್ಟನ್ ಕರ್ಕ್ ಅಂದಾಗ, ಇತ್ತು, ಈಗಿಲ್ಲ ಅಂತ ಅವನು ಹೇಳುವ ರೀತಿ ನೋಡಿ. ಆಮೇಲೆ ಅವನ ಕೈ ನೋಡಿ. ಎರಡು ಚೌಕ ಬಿಲ್ಲೆಗಳನ್ನು ಬೆರಳ ನಡುವೆ ತಿರುವುತ್ತಲೇ ಇರುತ್ತಾನೆ. ಹಳೆಯ ಡಿವಿಡಿಯಲ್ಲಿ ಏನೋ ಹಿಡಿದಿದ್ದಾನೆ ಅನ್ನಿಸುತ್ತಿತ್ತು, ಇಲ್ಲಿ ಅವುಗಳ ಅಂಚೂ ಕಾಣುತ್ತದೆ.

ಈಗ ಟೀವಿ ಹೊಂದಿಸುವ ಕೆಲಸ. ಇದರಲ್ಲಿ ತಪ್ಪಿದರೆ ಉಳಿದದ್ದೆಲ್ಲ ದಂಡ. ಚಿತ್ರ 4:3 ಚೌಕಟ್ಟಿನದು, ಈಗಿನ ಟೀವಿ 16:9. ಟೀವಿ ‘ವೈಡ್’ ಅಥವಾ ‘ಝೂಮ್’ನಲ್ಲಿದ್ದರೆ ಒಂದೋ ಎಲ್ಲರೂ ದುಂಡಗಾಗುತ್ತಾರೆ, ಇಲ್ಲವೇ ಕರ್ಕ್‌ನ ಹಣೆ, ನೌಕೆಯ ಹೊಟ್ಟೆ ಕತ್ತರಿಸಿ ಹೋಗುತ್ತವೆ. ‘ಒರಿಜಿನಲ್’ ಅಥವಾ ‘ಜಸ್ಟ್ ಸ್ಕ್ಯಾನ್’ ಅಂತಿರುವುದನ್ನು ಆರಿಸಿ. ಎರಡೂ ಬದಿಗೆ ಕಪ್ಪು ಪಟ್ಟಿ ಬರಬೇಕು, ಬಂದರೆ ಸರಿ. 43 ಇಂಚಿನ ಟೀವಿಯಲ್ಲಿ ಆಗ ಉಳಿಯುವ ಚಿತ್ರ ಕರ್ಣದಲ್ಲಿ 35 ಇಂಚು. ಹಾಗಾಗಿ ಕುರ್ಚಿಯನ್ನು ಮಾಮೂಲಿಗಿಂತ ಒಂದೂವರೆ ಅಡಿ ಮುಂದಕ್ಕೆ ಎಳೆದುಕೊಳ್ಳಿ. ಚಲನೆ ನುಣುಪು ಮಾಡುವ ಸೌಲಭ್ಯವನ್ನು ಬಂದ್ ಮಾಡಿ. ಕಂಪನಿಗೊಂದು ಹೆಸರು ಅದಕ್ಕೆ, ಟ್ರೂಮೋಷನ್, ಮೋಷನ್‌ಫ್ಲೋ, ಆಟೋ ಮೋಷನ್ ಪ್ಲಸ್. ಅದು ಚಾಲೂ ಇದ್ದರೆ ಫಿಲ್ಮ್ ಹೋಗಿ ಮದುವೆ ವಿಡಿಯೋ ಆಗುತ್ತದೆ. ನಾಯ್ಸ್ ರಿಡಕ್ಷನ್ನೂ ಬೇಡ, ಫಿಲ್ಮಿನ ಕಾಳಿನ ಜತೆ ಕರ್ಕ್‌ನ ಜತೆಗಾರ ಸ್ಪಾಕ್‌ನ ಹುಬ್ಬಿನ ಕೂದಲನ್ನೂ ತಿಂದುಹಾಕುತ್ತದೆ. ಪ್ಲೇಯರಿನಲ್ಲಿ 24ಪಿ (ಸೆಕೆಂಡಿಗೆ 24 ಚಿತ್ರ) ಔಟ್‌ಪುಟ್ ಆನ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಚಿತ್ರ ಜರ್ಕ್ ಹೊಡೆಯುತ್ತದೆ. ಬಣ್ಣಕ್ಕೆ ‘ವಿವಿಡ್’ ಬಿಟ್ಟು ‘ಸಿನೆಮಾ’ ಮೋಡ್ ಇಡಿ. ಕರ್ಕ್‌ನ ಅಂಗಿಯ ಬಟ್ಟೆ ಖರೇ ಅಂದರೆ ಹಸಿರು ಛಾಯೆಯದು, ಸ್ಟುಡಿಯೋ ದೀಪಕ್ಕೆ ಫಿಲ್ಮಿನಲ್ಲಿ ಹೊಂಬಣ್ಣವಾಗಿ ಬಂತು. ವಿವಿಡ್‌ನಲ್ಲಿ ಅದು ಅರಿಸಿನವೇ ಆಗಿಬಿಡುತ್ತದೆ.

ಧ್ವನಿಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಡಿಸ್ಕಿನಲ್ಲಿ ಹೊಸದಾಗಿ ಮಾಡಿದ 7.1 ಧ್ವನಿಯೂ ಇದೆ, ಮೂಲದ ಒಂದೇ ವಾಹಿನಿಯ ಮೊನೊ ಕೂಡ ಇದೆ. ಬರೀ ಟೀವಿಯ ಸ್ಪೀಕರಿಗೆ 7.1 ಕೊಟ್ಟರೆ ಎಂಟು ವಾಹಿನಿಯನ್ನು ಎರಡಕ್ಕೆ ಹಿಂಡುವಾಗ ಮಾತು ತಗ್ಗಿ ಸಂಗೀತ ಉಬ್ಬುತ್ತದೆ. ಮಾತಿಗೆ ಧ್ವನಿ ಏರಿಸಿ, ಜಗಳಕ್ಕೆ ಇಳಿಸಿ, ಮತ್ತೆ ಏರಿಸಿ, ಇದೇ ಫಜೀತಿ. ಆಡಿಯೋ ಬಟನ್ ಒತ್ತಿ ಮೊನೊಗೆ ಬನ್ನಿ. ಹೋಮ್ ಥಿಯೇಟರ್ ಇದ್ದವರಿಗೂ ಹಳೆಯ ದೃಶ್ಯದ ಜತೆ ಮೊನೊನೇ ಸರಿ. ಶೀರ್ಷಿಕೆ ಸಂಗೀತದಲ್ಲಿ ಆಲಾಪ ಹಾಡುವ ಹೆಣ್ಣುದನಿ ಹೊಸ ಆವೃತ್ತಿಗೆ ಬೇರೆಯವರು ಮತ್ತೆ ಹಾಡಿದ್ದು. ಶುದ್ಧವಾಗಿದೆ, ಆದರೆ ಹಳೆಯದರ ಕಂಪನ ಅದರಲ್ಲಿಲ್ಲ. ಕನ್ನಡ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಇದೆ, ಹಾಕಿಕೊಳ್ಳಿ. ಎಂಜಿನಿಯರ್ ಸ್ಕಾಟಿಯ ಉಚ್ಚಾರಕ್ಕೆ ಅದು ಬೇಕೇ ಬೇಕು.

ಮೂರು ಪೆಟ್ಟಿಗೆ, 20 ಡಿಸ್ಕು. ಮೊದಲ ಎರಡರಲ್ಲಿ ಏಳೇಳು, ಕೊನೆಯದರಲ್ಲಿ ಆರು. ಸಂಚಿಕೆಗಳು 29, 26, 24. ಒಂದೊಂದು ಸುಮಾರು 50 ನಿಮಿಷ, ಹೆಚ್ಚುಕಡಿಮೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಯಿಂದ ಧಾರವಾಡ ಮುಟ್ಟುವ ಹೊತ್ತು. ಜೋಡಿಸಿದ್ದು ಪ್ರಸಾರದ ದಿನಾಂಕದಂತೆ, ಅಲ್ಲೇ ಗೊಂದಲ. ಮೊದಲು ಬರುವ ‘ದಿ ಮ್ಯಾನ್ ಟ್ರ್ಯಾಪ್’ (8 ಸೆಪ್ಟೆಂಬರ್ 1966) ಉಪ್ಪಿಗಾಗಿ ಮನುಷ್ಯರನ್ನು ಹೀರುವ ಪ್ರಾಣಿಯ ಕತೆ. ವಾಹಿನಿಯವರಿಗೆ ಭೂತ ಬೇಕಿತ್ತು, ಅದನ್ನು ಮುಂದೆ ತಂದರು. ಮೂರನೆಯದಾಗಿ ಬರುವ ‘ವೇರ್ ನೋ ಮ್ಯಾನ್ ಹ್ಯಾಸ್ ಗಾನ್ ಬಿಫೋರ್’ ನಿಜವಾಗಿ ಅದಕ್ಕಿಂತ ಎಷ್ಟೋ ಮೊದಲು ತಯಾರಾದ ಎರಡನೆಯ ಮಾದರಿ ಸಂಚಿಕೆ (ಪೈಲಟ್). ಹಾಗಾಗಿ ಅಲ್ಲಿ ಡಾಕ್ಟರ್ ಮೆಕಾಯ್ ಇದ್ದಕ್ಕಿದ್ದಂತೆ ಮಾಯ, ಸಮವಸ್ತ್ರವೇ ಬೇರೆ. ಗೋರಿಕಲ್ಲಿನ ಮೇಲೆ ನಾಯಕನ ಹೆಸರು ‘ಜೇಮ್ಸ್ ಆರ್. ಕರ್ಕ್’. ಆಮೇಲೆ ಜನ್ಮವಿಡೀ ಅವನು ಜೇಮ್ಸ್ ಟಿ. ಕಲ್ಲು ಕೆತ್ತಿದವನು ಅವನ ಹಳೆಯ ಗೆಳೆಯ ಬೇರೆ! ಮೊದಲ ಸಲ ನೋಡುವವರು ಇದನ್ನೇ ಮೊದಲು ಹಾಕಿ, ಆಮೇಲೆ ‘ದಿ ಕಾರ್ಬೊಮೈಟ್ ಮನೂವರ್’ಗೆ ಹೋಗಿ. ಎರಡು ಸಲ ಡಿಸ್ಕ್ ಬದಲಿಸಬೇಕಾಗುತ್ತದೆ, ಬದಲಿಸಿ.

ಮೊದಲ ಪೆಟ್ಟಿಗೆಯಲ್ಲಿ ಎಷ್ಟು ಸಲ ನೋಡಿದರೂ ಸವೆಯದ್ದು ‘ಬ್ಯಾಲೆನ್ಸ್ ಆಫ್ ಟೆರರ್’. ಅದೃಶ್ಯ ನೌಕೆಯ ಬೆನ್ನಟ್ಟುವಿಕೆ, ನಡೆ ಪೂರಾ ಜಲಾಂತರ್ಗಾಮಿ ಯುದ್ಧದ್ದು. ತಕರಾರಿಗೆ ಆಸ್ಪದ ಬೇಕಷ್ಟಿದೆ. ಸದ್ದು ಹೊರಗೆ ಕೇಳೀತು ಅಂತ ಎರಡೂ ನೌಕೆಯವರು ಪಿಸುಗುಡುತ್ತಾರೆ. ಶೂನ್ಯದಲ್ಲಿ ಸದ್ದು ಹೊರಡುವುದಾದರೂ ಹೇಗೆ? ಕಿರಣ ಸೂಸುವ ಆಯುಧ ಫೇಸರ್ ಹೊಡೆಯಿರಿ ಅಂತ ಆಜ್ಞೆ, ಪರದೆಯ ಮೇಲೆ ಕಾಣುವುದು ನೀರಿನಾಳದ ಬಾಂಬಿನಂತೆ ಸಿಡಿಯುವ ಗುಂಡುಗಳು. ಆದರೆ ಶತ್ರು ಪಂಗಡವಾದ ರೊಮ್ಯುಲನ್ನರ ದಳಪತಿಯಾಗಿ ಮಾರ್ಕ್ ಲೆನಾರ್ಡ್ ಬಾಯಿ ತೆರೆದ ಮೇಲೆ ಇದ್ಯಾವುದೂ ನೆನಪಿಗೆ ಬರುವುದಿಲ್ಲ. ಇದೇ ನಟ ಮುಂದಿನ ಪೆಟ್ಟಿಗೆಯಲ್ಲಿ ಸ್ಪಾಕ್‌ನ ತಂದೆ.

‘ದಿ ಡೆವಿಲ್ ಇನ್ ದಿ ಡಾರ್ಕ್’ ಸಂಚಿಕೆಯನ್ನು ಗದಗ ಜಿಲ್ಲೆಯವರು ಬಿಡಬಾರದು. ಗಣಿ ಕಾರ್ಮಿಕರನ್ನು ಸುಡುತ್ತಿರುವ ಪ್ರಾಣಿಯೊಂದನ್ನು ಕೊಲ್ಲಲು ಕರ್ಕ್‌ನನ್ನು ಕರೆಸುತ್ತಾರೆ. ಗಣಿಯವರು ಸಾವಿರಗಟ್ಟಲೆ ಒಡೆದುಹಾಕಿದ ದುಂಡು ಸಿಲಿಕಾನ್ ಗುಂಡುಗಳು ಅದರ ಮೊಟ್ಟೆಗಳು ಅಂತ ಆಮೇಲೆ ತಿಳಿಯುತ್ತದೆ. ಕಪ್ಪತಗುಡ್ಡದ ಗಣಿ ಜಗಳ ಕೇಳಿದವರಿಗೆ ಇಲ್ಲಿನ ಗಣಿ ಮೇಲಧಿಕಾರಿಯ ಮಾತುಗಳೆಲ್ಲ ಗುರುತಿನವೇ. ಮುಕ್ತಾಯ ಮಾತ್ರ ತೀರ ಸಲೀಸು: ಪ್ರಾಣಿ ಸುರಂಗ ಕೊರೆಯುತ್ತದೆ, ಇವರು ಅದಿರು ಬಾಚುತ್ತಾರೆ, ಎಲ್ಲರಿಗೂ ಲಾಭ. ಪ್ರಾಣಿಯ ವೇಷದೊಳಗೆ ಯಾನೋಸ್ ಪ್ರೊಹಾಸ್ಕಾ ಅಂಬೆಗಾಲಿಡುತ್ತಿರುವುದು ಈ ನಿಚ್ಚಳ ಚಿತ್ರದಲ್ಲಿ ಅಡಗುವುದಿಲ್ಲ. ಆದರೂ ಸ್ಪಾಕ್ ಅದಕ್ಕೆ ಕೈಯಿಟ್ಟು ನೋವು ನೋವು ಅಂತ ಕೂಗುವಾಗ ಯಾರೂ ನಗಲಾರರು. ಇದೇ ಕಂಪನಿ ನಾಟಕದ ಗುಟ್ಟು.

‘ಸ್ಪೇಸ್ ಸೀಡ್’ ಭಾರತದವರಿಗೆ ತುಸು ಕಸಿವಿಸಿ. ಖಾನ್ ನೂನಿಯನ್ ಸಿಂಗ್, ಉತ್ತರ ಭಾರತದವ, ಬಹುಶಃ ಸಿಖ್ಖ ಅಂತ ನೌಕೆಯ ಇತಿಹಾಸಕಾರ್ತಿಯ ಊಹೆ. ಗಡ್ಡವಿಲ್ಲ. ಪಗಡಿ ಕಾಣುವುದು ಅವಳು ಬಿಡಿಸಿದ ಚಿತ್ರದಲ್ಲಿ ಮಾತ್ರ. ಮೆಕ್ಸಿಕೋದ ರಿಕಾರ್ಡೊ ಮೊಂಟಲ್ಬಾನ್‌ಗೆ ಕಂದು ಬಣ್ಣ ಬಳಿದಿದ್ದಾರೆ, ಕತ್ತಿನ ಹತ್ತಿರ ಅದರ ಅಂಚು ಹುಡುಕುವುದೇನೂ ಕಷ್ಟವಲ್ಲ. ಕತೆಯ ಪ್ರಕಾರ 1992ರಿಂದ 1996ರವರೆಗೆ ಜಗತ್ತಿನ ಕಾಲುಭಾಗ ಆಳಿದ ಮಹಾಶಯ. ಆ ವರ್ಷಗಳಲ್ಲಿ ನಮ್ಮ ಓಣಿಗಳಲ್ಲಿ ಕೇಬಲ್ ವೈರ್ ಎಳೆಯುತ್ತಿದ್ದರು. ನಟನೆಗೆ ಹೆಸರಿಡುವಂತಿಲ್ಲ, ಊಟದ ಮೇಜಿನ ದೃಶ್ಯವೊಂದೇ ಸಾಕು. ಕೊನೆಯ ಹೊಡೆದಾಟ ಮಾತ್ರ ಬ್ಲೂ-ರೇ ಮಾಡಿದ ಅನ್ಯಾಯ. ಅಲ್ಲಿ ಗುದ್ದಾಡುತ್ತಿರುವ ಇಬ್ಬರೂ ಬೇರೆಯವರು ಅಂತ ಮೊದಲ ಹೊಡೆತಕ್ಕೇ ಗೊತ್ತಾಗುತ್ತದೆ.

‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಬಗ್ಗೆ ಎಲ್ಲರೂ ಬರೆದಿದ್ದಾರೆ, 1968ರ ಹ್ಯೂಗೋ ಪ್ರಶಸ್ತಿಯೂ ಬಂದಿದೆ. ಒಂದೇ ಮಾತು: ಕಾಲದಲ್ಲಿ ಹಿಂದಕ್ಕೆ ಹೋಗಿ 1930ರ ನ್ಯೂಯಾರ್ಕಿನಲ್ಲಿ ತಾಸಿಗೆ 15 ಸೆಂಟ್ ಕೂಲಿ ಮಾಡುವ ಕರ್ಕ್‌ಗೆ ಸ್ಪಾಕ್ ಐದಾರು ಪೌಂಡ್ ಪ್ಲಾಟಿನಂ ತಂದುಕೊಡು ಅನ್ನುವ ದೃಶ್ಯದಲ್ಲಿ ಇಬ್ಬರ ಮುಖವನ್ನೂ ನೋಡಿ. ಕೊನೆಗೆ ಆಗಲಿರುವುದಕ್ಕೆ ಈ ನಗೆಯೇ ತಯಾರಿ.

ಎರಡನೆಯ ಪೆಟ್ಟಿಗೆಯೇ ಮೂರರಲ್ಲಿ ಉತ್ತಮ. ಒಂದೇ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ‘ಅಮಾಕ್ ಟೈಮ್’, ‘ಮಿರರ್, ಮಿರರ್’, ‘ಜರ್ನಿ ಟು ಬೇಬಲ್’ ಎಲ್ಲ ಇಲ್ಲಿವೆ. ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ಕೂಡ ಇಲ್ಲೇ. ಟ್ರಿಬಲ್ ಅಂದರೆ ತಿನ್ನುವುದು, ಹೆರುವುದು ಬಿಟ್ಟು ಬೇರೆ ಕೆಲಸವಿಲ್ಲದ ಉಣ್ಣೆಯುಂಡೆ. ಅವು ಎಷ್ಟಾದವು ಅನ್ನುವುದಕ್ಕೆ ಸ್ಪಾಕ್ ಕೊಡುವ ಲೆಕ್ಕ 17,71,561. ಅಂದಾಜಿನ ಅಂಕಿಯಲ್ಲ ಅದು. ಒಂದು ಟ್ರಿಬಲ್, ಸೂಲಿಗೆ ಹತ್ತು ಮರಿ, 12 ತಾಸಿಗೊಂದು ಪೀಳಿಗೆ, ಮೂರು ದಿನ. ಪ್ರತಿ ಸಲ ಒಂದು ಹನ್ನೊಂದಾಗುತ್ತದೆ, ಹೀಗೆ ಆರು ಸಲ. ಹನ್ನೊಂದನ್ನು ಆರು ಸಲ ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತದೆ. ಒಂದೂ ಸಾಯಬಾರದು, ಹೆತ್ತ ತಾಯಿಯೂ 12 ತಾಸಿಗೆ ಮತ್ತೆ ಹೆರಬೇಕು ಅನ್ನುವ ಷರತ್ತನ್ನು ಸ್ಪಾಕ್ ಬಾಯಿಬಿಟ್ಟು ಹೇಳುವುದಿಲ್ಲ. ಒಂದೊಂದು ಹತ್ತೇ ಗ್ರಾಂ ಕಾಳು ತಿಂದರೂ 177 ಕ್ವಿಂಟಲ್, ಅಂದರೆ ಅಮರಗೋಳ ಎಪಿಎಂಸಿಯಲ್ಲಿ ಲಾರಿಗಟ್ಟಲೆ ಇಳಿಸುವ ಮಾಲು. ಅವು ತಿನ್ನುವ ಕ್ವಾಡ್ರೊಟ್ರಿಟಿಕೇಲ್ ಕಲ್ಪನೆಯ ಕಾಳು, ಆದರೆ ಗೋಧಿ ಮತ್ತು ರೈ ಕೂಡಿಸಿ ಮಾಡಿದ ಟ್ರಿಟಿಕೇಲ್ ನಿಜವಾದ ಬೆಳೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯೂಆರ್-162 ಗೋಧಿ ಬೆಳೆದವರಿಗೆ ಈ ಸಂಚಿಕೆಯಲ್ಲಿ ತಳಿಯ ಹೆಸರಿಗಾಗಿ ಬಡಿದಾಡುವ ಅಧಿಕಾರಿಯ ತಳಮಳ ಚೆನ್ನಾಗಿಯೇ ಅರ್ಥವಾದೀತು. ಕಣಜದ ಬಾಗಿಲು ತೆರೆದು ಕರ್ಕ್ ಅವುಗಳಲ್ಲಿ ಹೂತ ಮೇಲೂ ಒಂದೊಂದೇ ಟ್ರಿಬಲ್ ಅವನ ತಲೆಗೆ ಬಂದು ಬೀಳುತ್ತಿರುತ್ತದೆ, ಗೋಡೆಯ ಹಿಂದೆ ನಿಂತವರು ಎಸೆಯುತ್ತಿದ್ದುದು. ಇದರ ಮುಂದಿನ ಕತೆಗಳಾಗಿ ಬಂದ ಒಂದು ಕಾರ್ಟೂನ್ ಸಂಚಿಕೆಯೂ ‘ಡೀಪ್ ಸ್ಪೇಸ್ ನೈನ್’ ಸರಣಿಯ ಒಂದು ಸಂಚಿಕೆಯೂ ಇದೇ ಪೆಟ್ಟಿಗೆಯಲ್ಲಿ ಸಿಗುತ್ತವೆ. ಬೋನಸ್ ಅಂದರೆ ಇದು.

ಕೊಳ್ಳುವಾಗ ಪೆಟ್ಟಿಗೆಯ ಬೆನ್ನು ನೋಡಿ. ಬ್ಲೂ-ರೇಗೆ ಎ, ಬಿ, ಸಿ ಅಂತ ಮೂರು ವಲಯ. ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಮೂರೂ ಅಕ್ಷರ ಇದ್ದರೆ ಚಿಂತೆಯಿಲ್ಲ. ಒಂದೇ ಇದ್ದು ಅದು ಸಿ ಅಲ್ಲವಾದರೆ ಇಲ್ಲಿ ಕೊಂಡ ಪ್ಲೇಯರ್ ಡಿಸ್ಕನ್ನು ಉಗುಳುತ್ತದೆ. ಅಮೆರಿಕದಿಂದ ಪ್ಲೇಯರನ್ನೇ ತರಿಸುವವರು ಅದರ ಹಿಂದೆ 100–240 ವೋಲ್ಟ್ ಅಂತಿದೆಯೋ ನೋಡಿ. ಬರೀ 110 ಅಂತಿದ್ದದ್ದನ್ನು ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಮುಗಿಯಿತು. ‘79 ಸಂಚಿಕೆ, ಐದು ಡಿಸ್ಕ್’ ಅಂತ ಮಾರುವುದು ಕಳ್ಳಮಾಲು. ಎರಡು ಪದರದ ಬ್ಲೂ-ರೇ ಹಿಡಿಯುವುದು 50 ಜಿಬಿ, ಅಸಲಿಯಲ್ಲಿ ಡಿಸ್ಕಿಗೆ ನಾಲ್ಕರ ಮೇಲೆ ಸಂಚಿಕೆ ಹಾಕಿದ್ದೇ ಕಡಿಮೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಡಿಸ್ಕಿನ ಕೆಳಮುಖವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಡಿವಿಡಿಯಲ್ಲಿ ದತ್ತಾಂಶದ ಪದರ 0.6 ಮಿ.ಮೀ. ಆಳದಲ್ಲಿರುತ್ತದೆ, ಬ್ಲೂ-ರೇಯಲ್ಲಿ ಬರೀ 0.1. ಮೇಲೆ ಗಟ್ಟಿ ಲೇಪವಿದೆ, ಸಣ್ಣ ಗೀರು ತಡೆದುಕೊಳ್ಳುತ್ತದೆ. ಆಳದ ಗೀರು ಬಿದ್ದರೆ ಮಾತ್ರ ಡಿವಿಡಿಯಂತೆ ಪಾಲಿಶ್ ಹೊಡೆಸಿ ಉಳಿಸಲಾಗುವುದಿಲ್ಲ. ಹುಬ್ಬಳ್ಳಿಯ ಧೂಳಿಗೆ ಅಂಗಿಯ ತುದಿ ಸಾಲದು. ಊದಿ ಉಸುಕು ಹಾರಿಸಿ, ಕನ್ನಡಕದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ. ಸುತ್ತು ಒರೆಸಿದರೆ ಗೀರು ಜಾಡಿನುದ್ದಕ್ಕೂ ಬೀಳುತ್ತದೆ, ಪ್ಲೇಯರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಧಾರವಾಡದ ಮಳೆಗಾಲಕ್ಕೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದಿಡಿ, ರಟ್ಟಿನ ಹೊದಿಕೆಗೇ ಮೊದಲು ಬೂಷ್ಟು ಬರುವುದು.

ಮೂರನೆಯ ಪೆಟ್ಟಿಗೆ ಕಡೆಗೆ. ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿದ ಕಾರ್ಯಕ್ರಮ, ಕತ್ತರಿಸಿದ ಬಜೆಟ್. ಶುರುವಾಗುವುದೇ ‘ಸ್ಪಾಕ್ಸ್ ಬ್ರೇನ್’ನಿಂದ. ಮಿದುಳು ಕದ್ದು ಒಯ್ದ ಮೇಲೆ ಉಳಿದ ದೇಹವನ್ನು ಡಾಕ್ಟರು ರಿಮೋಟಿನಿಂದ ನಡೆಸುವುದನ್ನು ಒಮ್ಮೆ ನಗಲಿಕ್ಕೆ ನೋಡಬಹುದು. ‘ಲೆಟ್ ದಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್’ ಸಂಚಿಕೆಯಲ್ಲಿ ಶತ್ರುವಿನ ನೌಕೆಗೆ ರೊಕ್ಕವಿಲ್ಲ, ಅದಕ್ಕೇ ಅದು ಅದೃಶ್ಯ! ಮುಖ ಅರ್ಧ ಕಪ್ಪು ಅರ್ಧ ಬಿಳುಪು, ಒಬ್ಬನಿಗೆ ಬಲಕ್ಕೆ ಕಪ್ಪು, ಇನ್ನೊಬ್ಬನಿಗೆ ಎಡಕ್ಕೆ, ಅಷ್ಟಕ್ಕೇ ಹಗೆ. ಮಾತು ಡೋಲು ಬಡಿದಂತೆ. ಆದರೆ ನೌಕೆಯನ್ನೇ ಸ್ಫೋಟಿಸಲು ಕರ್ಕ್, ಸ್ಪಾಕ್, ಸ್ಕಾಟಿ ಒಬ್ಬರಾದ ಮೇಲೊಬ್ಬರು ಸಂಕೇತ ಹೇಳುವಾಗ ಕ್ಯಾಮೆರಾ ಬರೀ ಕಣ್ಣು, ಬರೀ ತುಟಿ ತೋರಿಸುತ್ತದೆ. ಟ್ರಿಕ್ ಇಲ್ಲ, ಖರ್ಚೂ ಇಲ್ಲ, ಇಡೀ ಪೆಟ್ಟಿಗೆಯಲ್ಲಿ ಇಷ್ಟು ಬಿಗಿ ಮತ್ತೆಲ್ಲೂ ಇಲ್ಲ. ‘ದಿ ಥೋಲಿಯನ್ ವೆಬ್’ ಅನ್ನು ಹಳೆಯ ದೃಶ್ಯಗಳಲ್ಲೇ ನೋಡಿ, ಶತ್ರು ನೌಕೆಗಳು ‘ಎಂಟರ್‌ಪ್ರೈಸ್’ ಸುತ್ತ ಬಲೆ ನೇಯುವುದನ್ನು ಕೈಯಿಂದಲೇ ಸಾಧಿಸಿದ್ದರು.

ಕೊನೆಯ ಸಂಚಿಕೆ ‘ಟರ್ನ್‌ಅಬೌಟ್ ಇಂಟ್ರೂಡರ್’ 3 ಜೂನ್ 1969ರಂದು ಬಂತು, ಮನುಷ್ಯ ಚಂದ್ರನ ಮೇಲೆ ಕಾಲಿಡಲು ಏಳು ವಾರ ಇರುವಾಗ. ಹೆಂಗಸರು ಕ್ಯಾಪ್ಟನ್ ಆಗಲಾರರು ಅನ್ನುವ ಸಿಟ್ಟಿಗೆ ಒಬ್ಬಳು ಕರ್ಕ್‌ನ ದೇಹ ಕದಿಯುತ್ತಾಳೆ, ಕತೆ ಅವಳನ್ನು ಹುಚ್ಚಿಯೆಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಇದೇ ಪೆಟ್ಟಿಗೆಯಲ್ಲಿ ಎನ್‌ಬಿಸಿ ಬೇಡವೆಂದ ಮೊಟ್ಟಮೊದಲ ಮಾದರಿ ಸಂಚಿಕೆ ‘ದಿ ಕೇಜ್’ ಕೂಡ ಇದೆ. ಚಿತ್ರೀಕರಣ ಶುರುವಾದದ್ದು 1964ರಲ್ಲಿ. ಅಲ್ಲಿ ಕ್ಯಾಪ್ಟನ್ ಸೆರೆಸಿಕ್ಕ ಮೇಲೆ ನೌಕೆ ನಡೆಸುವವಳು ‘ನಂಬರ್ ವನ್’, ಮಜೆಲ್ ಬ್ಯಾರೆಟ್ ಮಾಡಿದ ಪಾತ್ರ. ಯಾರೂ ಅದನ್ನು ವಿಚಿತ್ರವೆಂದು ಕಾಣುವುದಿಲ್ಲ. ಎರಡನ್ನೂ ಒಂದೇ ಸಂಜೆ ಹಾಕಿ. ಮೊದಲು 1969ರದು, ಆಮೇಲೆ 1964ರದು.